ಒಂದು ಹೆಚ್ಚು ಬರುವ ಲೆಕ್ಕ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕತೆಯ ಮೊದಲರ್ಧದಲ್ಲಿ ನಾನು ಸಿಟ್ಟಿನಲ್ಲೇ ಇದ್ದೇನೆ, ಉಳಿದರ್ಧದಲ್ಲಿ ಹೆದರಿಕೆಯಲ್ಲಿ. ಕೋಲಸಿರ್ಸಿಯ ನಮ್ಮನೆಯಲ್ಲಿ ಆಯಿ, ಅಂದರೆ ನನ್ನ ತಾಯಿ, "ವಿನೋದಾಗೆ ಮೂಗಿನ ತುದೀಲೇ ಸಿಟ್ಟು. ಇದ್ರ ಹತ್ರ ಕಲಿಯ ಮಕ್ಕಳನ್ನ ದೇವ್ರೇ ಕಾಯವು" ಎನ್ನುತ್ತಿದ್ದಳು. ಸರ್ಕಾರ ಆಯಿಯ ಮಾತು ಕೇಳಲಿಲ್ಲ. ನನಗೆ ಶಿಕ್ಷಕಿಯ ಕೆಲಸ ಕೊಟ್ಟು ಯಲ್ಲಾಪುರ ತಾಲೂಕಿಗೆ ಹಾಕಿತು. ವಜ್ರಳ್ಳಿಯಲ್ಲಿ ಬಸ್ಸಿಳಿದು ಕಾಡಿನ ದಾರಿಯಲ್ಲಿ ಒಳಗೆ ನಡೆದರೆ ಹಲಸಿನಕೊಪ್ಪ ಎಂಬ ಊರು. ಅಲ್ಲಿ ನಾಲ್ಕನೆಯ ತರಗತಿಯವರೆಗೆ ಶಾಲೆ. ಶಿಕ್ಷಕರು ಇಬ್ಬರೇ, ನಾನು ಮತ್ತು ಹೆಡ್ ಮಾಸ್ತರು ವೆಂಕಟ್ರಮಣ ಭಟ್ಟರು. ತೊಂಬತ್ತರ ದಶಕದ ನಡುವಿನ ಮಾತು ಇದು.

ದಿವ್ಯಾ ನಾಲ್ಕನೆಯ ತರಗತಿಯಲ್ಲಿದ್ದಳು. ಗದ್ದೆ ಮಾಡುವವರ ಮನೆಯ ಹುಡುಗಿ. ತಾಯಿ ಇಲ್ಲ. ಅಪ್ಪನ ಹೆಸರು ಕೆರಿಯ, ಮರದ ಕೆಲಸಕ್ಕೆಂದು ಕಾಡಿಗೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಅವಳು, ಅವಳ ಅಜ್ಜಿ ದುರ್ಗಿ, ಎರಡು ದನ. ಕನ್ನಡವನ್ನು ನೀರು ಕುಡಿದ ಹಾಗೆ ಓದುತ್ತಿದ್ದಳು. ಕೂಡಿಸುವ ಲೆಕ್ಕ, ಮಗ್ಗಿ, ಎಲ್ಲ ಬರುತ್ತಿತ್ತು. ಕಳೆಯುವ ಲೆಕ್ಕ ಮಾತ್ರ ಬರುತ್ತಿರಲಿಲ್ಲ.

ನಮ್ಮಲ್ಲಿ ನಾಲ್ಕು ಮುಗಿದ ಮೇಲೆ ಹುಡುಗರು ಹೇಗೋ ವಜ್ರಳ್ಳಿಗೆ ನಡೆದು ಹೋಗುತ್ತಿದ್ದರು. ಹುಡುಗಿಯರನ್ನು ಅಷ್ಟು ದೂರ ಕಾಡಿನಲ್ಲಿ ಯಾರೂ ಕಳಿಸುತ್ತಿರಲಿಲ್ಲ. ಯಲ್ಲಾಪುರದಲ್ಲಿ ಹೆಣ್ಣುಮಕ್ಕಳು ಉಳಿದು ಓದುವ ಒಂದು ಶಾಲೆಯಿತ್ತು. ಊಟ, ವಸತಿ ಎಲ್ಲ ಅಲ್ಲೇ. ಆದರೆ ಸೀಟು ಕಡಿಮೆ. ಮಾರ್ಚಿನಲ್ಲಿ ಪರೀಕ್ಷೆ ನಡೆಸುತ್ತಿದ್ದರು, ಪೇಟೆಯ ಮಕ್ಕಳು ಒಂದೂ ತಪ್ಪದೆ ಬರೆದು ಬರುತ್ತಿದ್ದರು. ಕೆರಿಯನ ಹತ್ತಿರ ನಾನೇ ಹೋಗಿ ಕೇಳಿದ್ದೆ. ಅವನು ತಲೆ ಕೆರೆದುಕೊಂಡು, "ಸೀಟು ಸಿಕ್ರೆ ಹೋಗ್ಲಿ ಅಕ್ಕೋರೆ. ಸಿಗದಿದ್ರೆ ದನ ಅದೆ, ಮನೆ ಅದೆ. ಅಜ್ಜಿಗೂ ವಯಸ್ಸಾತು" ಎಂದ. ಅಂದರೆ ದಿವ್ಯಾಳ ಓದು ಈ ಕಳೆಯುವ ಲೆಕ್ಕದ ಮೇಲೆ ನಿಂತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳ ತಪ್ಪು ವಿಚಿತ್ರವಾಗಿತ್ತು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಎಂದರೆ ಇಪ್ಪತ್ತಾರು ಎಂದು ಬರೆಯುತ್ತಿದ್ದಳು. ಅರವತ್ತರಲ್ಲಿ ಮೂವತ್ತನಾಲ್ಕು ಹೋದರೆ ಇಪ್ಪತ್ತೇಳು. "ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಹತ್ತು ತಗೋ" ಎಂದು ನಾನು ಗಂಟಲು ಹರಿದುಕೊಂಡು ಹೇಳಿಕೊಡುತ್ತಿದ್ದೆ. ಅವಳು ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದಳು, ಸರಿಯಾಗಿಯೇ ಕಳೆಯುತ್ತಿದ್ದಳು, ಕೊನೆಗೆ ಉತ್ತರ ಮಾತ್ರ ಒಂದು ಹೆಚ್ಚು. ಎಲ್ಲ ಲೆಕ್ಕದಲ್ಲೂ ಅಷ್ಟೇ. ತಪ್ಪಿನಲ್ಲೂ ಒಂದು ಶಿಸ್ತು.

"ಏಳರಲ್ಲಿ ಏಳು ಹೋದರೆ?" ಎಂದು ಕೇಳಿದೆ ಒಂದು ದಿನ, ಕೆಣಕುವುದಕ್ಕೇ.

"ಒಂದು" ಎಂದಳು.

ಮಕ್ಕಳೆಲ್ಲ ಹೋ ಎಂದು ನಕ್ಕರು. ಒಂದನೆಯ ತರಗತಿಯ ಚೋಟುಗಳೂ ನಕ್ಕವು. ದಿವ್ಯಾ ನಗಲಿಲ್ಲ, ಅಳಲಿಲ್ಲ, ಪಾಟಿಯನ್ನೇ ನೋಡುತ್ತ ನಿಂತಳು. ನನಗೆ ತಲೆ ಕೆಟ್ಟುಹೋಯಿತು.

ಭಟ್ಟರು ಎಲೆ ಅಡಿಕೆ ಹಾಕಿಕೊಂಡೇ ರೋಗ ಪತ್ತೆ ಮಾಡುವ ಜನ. "ತಂಗೀ, ಆ ಕೂಸು ಬೆರಳು ಮಡಚಕ್ಕಿದ್ರೆ ಮೊದಲಿನದ್ದನ್ನೂ ಸೇರಿಸಿ ಎಣಿಸ್ತು, ಬೇರೆ ಎಂತೂ ಅಲ್ಲ" ಎಂದರು.

"ಅದನ್ನೂ ನೋಡಿದ್ದೆ ಮಾಸ್ತರೆ. ಎಣಿಸದು ಸರಿ ಇದ್ದು. ಬರೆಯಕ್ಕಿದ್ರೆ ಬದಲಾಗ್ತು. ಆನು ಇನ್ನೆಂತ ಮಾಡವು ಹೇಳಿ?"

"ಬೈಯದನ್ನ ಸ್ವಲ್ಪ ಕಮ್ಮಿ ಮಾಡಿ ನೋಡು" ಎಂದು ಅವರು ಹೊರಗೆ ಹೋಗಿ ಉಗುಳಿ ಬಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ಪಾಟಿ ಕಡ್ಡಿ ಎಲ್ಲ ಬದಿಗಿಟ್ಟು ಹುಣಸೆ ಬೀಜ ತಂದೆ. ಎರಡು ತೆಂಗಿನ ಕರಟ. ಈ ಕರಟದಲ್ಲಿರುವ ಬೀಜವನ್ನು ತೆಗೆದು ಆ ಕರಟಕ್ಕೆ ಹಾಕುವುದು, ಉಳಿದದ್ದನ್ನು ಹೇಳುವುದು. ಇದಕ್ಕಿಂತ ಸುಲಭ ಇನ್ನೇನಿದೆ? ಊಟದ ಹೊತ್ತಿಗೆ ಉಳಿದವರನ್ನು ಹೊರಗೆ ಕಳಿಸಿ ಅವಳನ್ನು ಎದುರಿಗೆ ಕೂರಿಸಿಕೊಂಡೆ. ಹನ್ನೆರಡರಲ್ಲಿ ಐದು ತೆಗೆ ಎಂದೆ. ಅವಳು ಐದು ಬೀಜ ಎಣಿಸಿ ಆ ಕರಟಕ್ಕೆ ಹಾಕಿದಳು. ಆಮೇಲೆ ಅವಳ ಕೈ ತನ್ನಷ್ಟಕ್ಕೇ ಎಂಬಂತೆ ಹಿಂದೆ ಹೋಗಿ, ಹಾಕಿದ್ದರಲ್ಲಿ ಒಂದು ಬೀಜ ಎತ್ತಿ ಮೊದಲಿನ ಕರಟಕ್ಕೆ ಹಾಕಿತು. ಕಣ್ಣು ಮಿಟುಕಿಸುವಷ್ಟರಲ್ಲಿ.

"ಎಂಟು" ಎಂದಳು.

"ಈಗ ಏನು ಮಾಡಿದೆ ನೀನು?"

"ಎಂತದೂ ಇಲ್ಲ."

"ಒಂದು ಬೀಜ ವಾಪಸ್ ಹಾಕಿದೆ."

"ಹಾಕಬೇಕಲ್ರಾ" ಎಂದಳು, ಇಷ್ಟೂ ಗೊತ್ತಿಲ್ಲವೇ ಅಕ್ಕೋರಿಗೆ ಎನ್ನುವ ಹಾಗೆ.

ನನಗೆ ಒಮ್ಮೆಲೇ ನಮ್ಮ ಆಯಿ ಕಣ್ಣಮುಂದೆ ಬಂದಳು. ಯಾರಿಗಾದರೂ ಅಕ್ಕಿ ಅಳೆದು ಕೊಡುವಾಗ, ಅನ್ನಕ್ಕೆ ಅಕ್ಕಿ ತೆಗೆಯುವಾಗ, ತೆಗೆದದ್ದರಲ್ಲಿ ನಾಲ್ಕು ಕಾಳನ್ನು ಮತ್ತೆ ಡಬ್ಬಕ್ಕೆ ಹಾಕದೆ ಅವಳು ಮುಚ್ಚಳ ಮುಚ್ಚಿದ್ದೇ ಇಲ್ಲ. ಡಬ್ಬದ ತಳ ಕಾಣಬಾರದು, ಪೂರಾ ತೆಗೆದರೆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮ ಕಡೆ ಎಲ್ಲ ಮನೆಯಲ್ಲೂ ಹೇಳುತ್ತಾರೆ. ಈ ಹುಡುಗಿ ಅದನ್ನು ಲೆಕ್ಕಕ್ಕೂ ತಂದಿದ್ದಾಳೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಟ್ಟರಿಗೆ ಹೇಳಿದರೆ ಅವರೂ ನಕ್ಕು, "ಹಾಂಗನಾ! ರೋಗ ಸಿಕ್ತು ಅಂದ್ರೆ ಮದ್ದು ಸಿಕ್ದಾಂಗೇಯ" ಎಂದರು.

"ನೋಡು ದಿವ್ಯಾ, ಅದು ಅಕ್ಕಿ. ಇದು ಲೆಕ್ಕ. ಅದೇ ಬೇರೆ, ಇದೇ ಬೇರೆ. ಲೆಕ್ಕದಲ್ಲಿ ವಾಪಸ್ ಹಾಕುವ ಹಾಗಿಲ್ಲ" ಎಂದು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ಮುಂದಿನ ಲೆಕ್ಕ ಕೊಟ್ಟೆ. ಉತ್ತರ ಮತ್ತೆ ಒಂದು ಹೆಚ್ಚು.

ಇಷ್ಟು ಹೇಳಿದ ಮೇಲೂ! ನಾನು ಅಡಿಪಟ್ಟಿಯಿಂದ ಮೇಜಿಗೆ ಬಡಿದೆ. ಕರಟ ಉರುಳಿ ಬೀಜವೆಲ್ಲ ನೆಲದ ತುಂಬ ಚೆಲ್ಲಿತು. ದಿವ್ಯಾ ಬೆಚ್ಚಿಬಿದ್ದು ಮಂಡಿಯೂರಿ ಬೀಜ ಆಯತೊಡಗಿದಳು. ಆಯ್ದದ್ದನ್ನು ಎಣಿಸಿದಳು. ಮತ್ತೆ ಎಣಿಸಿದಳು. ಅವಳ ಮುಖದ ಬಣ್ಣ ಹೋಗಿತ್ತು.

"ಒಂದು ಕಮ್ಮಿ ಅದೆ ಅಕ್ಕೋರೆ."

"ಹೋಗ್ಲಿ ಬಿಡು, ಹುಣಸೆ ಬೀಜ ತಾನೇ."

ಅವಳು ಬಿಡಲಿಲ್ಲ. ಬೆಂಚಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಗೋಣಿಚೀಲದ ಅಡಿಯಲ್ಲಿ ಕೈಯಾಡಿಸುತ್ತ ಹುಡುಕಿದಳು. ಹುಡುಕುತ್ತ ಹುಡುಕುತ್ತ ಬಿಕ್ಕತೊಡಗಿದಳು. ನಗಾಡಿದಾಗ ಅಳದವಳು, ಬೈದಾಗ ಅಳದವಳು, ಒಂದು ಹುಣಸೆ ಬೀಜ ಕಾಣೆಯಾಯಿತೆಂದು ಅಳುತ್ತಿದ್ದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಇದು ಅಭ್ಯಾಸ ಅಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಿತು. ನಾನೂ ನೆಲಕ್ಕೆ ಕೂತು ಹುಡುಕಿದೆ. ಬೀಜ ನನ್ನ ಚಪ್ಪಲಿಯ ಅಡಿಯಲ್ಲೇ ಇತ್ತು. ಕೊಟ್ಟೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಆವತ್ತು ನಾ ಹಾಕಲಿಲ್ಲ" ಎಂದಳು ಆಮೇಲೆ.

"ಯಾವತ್ತು?"

"ಅವ್ವಂಗೆ ಜ್ವರ ಬಂದಾಗ."

ತುಂಡು ತುಂಡಾಗಿ ಹೇಳಿದ್ದನ್ನು ನಾನೇ ಜೋಡಿಸಿಕೊಂಡೆ. ಎರಡು ಮಳೆಗಾಲದ ಹಿಂದೆ, ನಾಟಿಯ ಸಮಯ. ಅಜ್ಜಿ ಗದ್ದೆಗೆ ಹೋಗಿದ್ದಳು. ತಾಯಿ ಜ್ವರದಲ್ಲಿ ಮಲಗಿದ್ದವಳು ಗಂಜಿ ಕೇಳಿದಳು. ಡಬ್ಬದಲ್ಲಿ ಅಕ್ಕಿ ತಳಕ್ಕೆ ಹೋಗಿತ್ತು. ಈ ಹುಡುಗಿ ಡಬ್ಬವನ್ನೇ ಬೋರಲು ಹಾಕಿ, ತಟ್ಟಿ, ಇದ್ದದ್ದನ್ನೆಲ್ಲ ತೆಗೆದು ಗಂಜಿ ಮಾಡಿದಳು. ಅವ್ವ ಹೊಟ್ಟೆ ತುಂಬ ಉಣ್ಣಲಿ ಎಂದು ಒಂದು ಕಾಳನ್ನೂ ವಾಪಸ್ ಹಾಕಲಿಲ್ಲ. ತಾಯಿ ಅರ್ಧ ಉಂಡು ಸಾಕೆಂದಳು. ಮಾರನೆಯ ದಿನ ಮರದ ಲಾರಿಯೊಂದರಲ್ಲಿ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ.

"ಇದನ್ನ ಯಾರಿಗಾದರೂ ಹೇಳಿದ್ದೀಯಾ?"

ತಲೆಯಲ್ಲಾಡಿಸಿದಳು. ಯಾರಿಗೂ ಹೇಳಿರಲಿಲ್ಲ. ಅವಳಿಗೆ ಯಾರೂ ಏನೂ ಅಂದಿರಲೂ ಇಲ್ಲ. ತಾನೇ ಕೂಡಿಸಿ ಕಳೆದು ಉತ್ತರ ಕಂಡುಹಿಡಿದು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಶಾಲೆಗೆ ಬರುತ್ತಿದ್ದಳು. ನಾನು ದಿನಾ ಅವಳಿಗೆ ಬೈಯುತ್ತಿದ್ದೆ.

ಏನು ಮಾಡುವುದು? ಶಿಕ್ಷಕರ ತರಬೇತಿಯ ಟಿಸಿಎಚ್‌ನಲ್ಲಿ ಇದಕ್ಕೆ ಪಾಠ ಇರಲಿಲ್ಲ. ನನಗೆ ಗೊತ್ತಿದ್ದದ್ದು ಲೆಕ್ಕ ಮಾತ್ರ, ಅದನ್ನೇ ಹಿಡಿದುಕೊಂಡೆ. ಕಳೆದ ಲೆಕ್ಕವನ್ನು ಕೂಡಿಸಿ ತಾಳೆ ನೋಡುವುದನ್ನು ಕಲಿಸತೊಡಗಿದೆ. "ಎಂಟರಲ್ಲಿ ಎಂಟು ತೆಗೆ. ಈ ಕರಟ ಖಾಲಿ. ಆದರೆ ಎಂಟು ಎಲ್ಲಿಗೂ ಹೋಗಿಲ್ಲ, ಆ ಕರಟದಲ್ಲಿ ಇದೆ. ನೋಡು, ಮತ್ತೆ ಇತ್ತ ಹಾಕಿದರೆ ಎಂಟಕ್ಕೆ ಎಂಟೂ ಬಂತು. ಕಳೆಯುವುದು ಅಂದರೆ ನಾಶ ಮಾಡುವುದಲ್ಲ, ಈ ಕಡೆಯಿಂದ ಆ ಕಡೆಗೆ ಇಡುವುದು ಅಷ್ಟೇ." ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ದಿವ್ಯಾ ಎರಡು ಕರಟವನ್ನೂ ನೋಡಿದಳು. ಎಂಟನ್ನು ಆ ಕಡೆಗೆ ಹಾಕಿದಳು, ಈ ಕಡೆಗೆ ತಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಅವ್ವ ಯಾವ ಕರಟದಲ್ಲಿ ಅದೆ ಅಕ್ಕೋರೆ?"

ಜಾಣತನ ಎಲ್ಲ ಅಲ್ಲಿಗೇ ಮುಗಿಯಿತು. ದೇವರ ಹತ್ತಿರ, ಆಕಾಶದ ನಕ್ಷತ್ರದಲ್ಲಿ ಎಂದೆಲ್ಲ ಹೇಳಬಹುದಿತ್ತು. ಆ ಕಣ್ಣಿನ ಎದುರಿಗೆ ಅಂಥ ಮಾತು ಬಾಯಿಗೆ ಬರಲಿಲ್ಲ.

"ನಂಗೆ ಗೊತ್ತಿಲ್ಲ ಮಗಾ" ಎಂದೆ. "ಇದು ಬೀಜದ ಲೆಕ್ಕ. ಅವ್ವ ಈ ಲೆಕ್ಕದಲ್ಲಿ ಬರೋದಿಲ್ಲ."

"ಹಾಂಗಾದ್ರೆ ಇಲ್ಲಿ ಸೊನ್ನೆ ಬರದ್ರೆ ಮನೇಲಿ ಎಂತದೂ ಆಗೂದಿಲ್ವಾ?"

"ಏನೂ ಆಗೋದಿಲ್ಲ."

"ಅಜ್ಜಿಗೆ?"

"ಅಜ್ಜಿಗೂ ಏನೂ ಆಗೋದಿಲ್ಲ. ನಾನು ಹೇಳ್ತೇನಲ್ಲ."

ಈ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿಬಿಟ್ಟೆ ನೋಡಿ. ಎಪ್ಪತ್ತು ದಾಟಿದ ಮುದುಕಿಯ ಜೀವಕ್ಕೆ ಜಾಮೀನು ನಿಂತಿದ್ದೇನೆ ಎಂಬ ಪರಿವೆಯೂ ಇರಲಿಲ್ಲ.

ಅವತ್ತಿನಿಂದ ಲೆಕ್ಕ ಸರಿಯಾಗತೊಡಗಿತು. ಸೊನ್ನೆ ಬರೆಯುವಾಗ ಬಳಪ ಹಿಡಿದ ಬೆರಳು ಬೆಳ್ಳಗಾಗುತ್ತಿತ್ತು, ಆದರೂ ಬರೆಯುತ್ತಿದ್ದಳು. ಶಾಲೆ ಬಿಟ್ಟೊಡನೆ ಚೀಲ ಎದೆಗವಚಿಕೊಂಡು ಮನೆಗೆ ಓಡುತ್ತಿದ್ದಳು. ಬೆಳಿಗ್ಗೆ ಬಂದವಳೇ, "ಅಜ್ಜಿ ಅದೆ" ಎಂದು ಹಾಜರಿ ಹೇಳಿದಂತೆ ನನಗೆ ಹೇಳುತ್ತಿದ್ದಳು. ಆದರೆ ಒಂದು ರಾಶಿ ಲೆಕ್ಕ ಕೊಟ್ಟರೆ ಎಲ್ಲವನ್ನೂ ಸರಿ ಮಾಡುತ್ತಿರಲಿಲ್ಲ. ಒಂದನ್ನು ಬೇಕೆಂದೇ ತಪ್ಪು ಮಾಡುತ್ತಿದ್ದಳು. ಯಾವಾಗಲೂ ಒಂದೇ ಒಂದು. ನನಗೆ ಅರ್ಥವಾಯಿತು. ಬೀಜ ವಾಪಸ್ ಇಡುವುದನ್ನು ಬಿಟ್ಟು ಈಗ ಒಂದು ಇಡೀ ಲೆಕ್ಕವನ್ನೇ ಹಿಂದಕ್ಕೆ ಉಳಿಸುತ್ತಿದ್ದಳು. ಭಟ್ಟರು "ಒಂದು ತಪ್ಪಿದ್ರೆ ಅಡ್ಡಿಲ್ಲೆ" ಎಂದರು. ನನಗೆ ಅಡ್ಡಿಯಿತ್ತು. ಒಂದು ತಪ್ಪಿಗೆ ಸೀಟು ಹೋಗುವ ಪರೀಕ್ಷೆ ಅದು.

ಕೊನೆಗೆ ದುರ್ಗಿಯ ಮನೆಗೇ ಹೋದೆ. ಅವಳು ಜಗಲಿಯಲ್ಲಿ ಕೂತು ಕೆಮ್ಮುತ್ತ ಪೊರಕೆಗೆಂದು ತೆಂಗಿನ ಗರಿಯ ಹಿಡಿಕಡ್ಡಿ ಸೀಳುತ್ತಿದ್ದಳು. ದಿವ್ಯಾ ದನ ಹೊಡೆದುಕೊಂಡು ಬರಲು ಹೋಗಿದ್ದಳು. ನಾನು ಎಲ್ಲವನ್ನೂ ಹೇಳಿದೆ. ದುರ್ಗಿಯ ಕೈಯಲ್ಲಿದ್ದ ಕತ್ತಿ ನಿಂತಿತು.

"ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕಂಡೇ ತಿರುಗ್ತಾ ಇತ್ತಾ ನಮ್ಮ ಹುಡ್ಗಿ?" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲಲ್ರಾ ಅಕ್ಕೋರೆ."

"ನೀವು ಒಂದು ಉಪಕಾರ ಮಾಡಬೇಕು. ಅವಳ ಕಣ್ಣೆದುರಿಗೇ ಆ ಡಬ್ಬವನ್ನು ಪೂರ್ತಿ ಖಾಲಿ ಮಾಡಿ ತೋರಿಸಿ. ಏನೂ ಆಗೋದಿಲ್ಲ ಅಂತ ಅವಳಿಗೆ ಗೊತ್ತಾಗಲಿ."

ದುರ್ಗಿ ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿಯಬೇಕಿತ್ತು.

"ಅಕ್ಕೋರೆ, ನೀವು ಓದಿದವ್ರು. ಆದ್ರೆ ಅದು ಅನ್ನದ ಡಬ್ಬ. ನಮ್ಮತ್ತೆ ಬೋರಲು ಹಾಕ್ಲಿಲ್ಲ, ನಾ ಹಾಕ್ಲಿಲ್ಲ. ಒಂದ್ಸಲ ಹಾಕಿದ್ದಕ್ಕೆ..." ಎಂದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು. ಹೇಳದೆ ಬಿಟ್ಟದ್ದೂ ನನಗೆ ಕೇಳಿಸಿತು. ಮೊಮ್ಮಗಳ ಹೆದರಿಕೆ ಅಜ್ಜಿಗೂ ಈಗ ತಾಗಿತ್ತು. "ಶಾಲೆ ಲೆಕ್ಕಕ್ಕೆ ನಾ ಡಬ್ಬ ಬೋರಲು ಹಾಕೂದಿಲ್ಲ. ಅದರ ತಳ ನಾ ಹೋದ್ಮೇಲೆ ನೋಡ್ಕಣಿ."

ನನಗೆ ಮತ್ತೆ ಸಿಟ್ಟು ಬಂತು. ಊರಿಗೆ ಊರೇ ಹೀಗಿದ್ದರೆ ನಾನೊಬ್ಬಳು ಏನು ಮಾಡಲಿ ಎಂದು ಗೊಣಗುತ್ತ ಬಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ದಿವ್ಯಾಳನ್ನು ಕರೆದುಕೊಂಡು ಹೋಗಲು ಅವರ ಮನೆಗೆ ಹೋದರೆ, ದುರ್ಗಿ ಕಂಬಳಿ ಹೊದ್ದು ಮಲಗಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಕೆರಿಯ ಕಾಡಿನಲ್ಲಿದ್ದ. ಬೇರೆ ಯಾವ ದಿನ ಬೇಕಾದರೂ ಬರಬಹುದಿತ್ತು ಈ ದರಿದ್ರ ಜ್ವರ. ದಿವ್ಯಾ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಹೊರಗೂ ಇಲ್ಲ, ಒಳಗೂ ಇಲ್ಲ.

"ಹೋಗೇ" ಎಂದಳು ದುರ್ಗಿ ಕಂಬಳಿಯೊಳಗಿಂದ. "ಇದು ಕೆಮ್ಮಿನ ಜ್ವರ. ಕಷಾಯ ಕುಡ್ದೆ. ಪಕ್ಕದ್ಮನೆ ಬೈರನ ಹೆಂಡ್ತಿ ಬಂದು ನೋಡ್ಕಂಡು ಹೋಗ್ತದೆ. ಹೋಗು, ಬಸ್ಸು ತಪ್ತದೆ."

ದಾರಿಯುದ್ದಕ್ಕೂ ದಿವ್ಯಾ ತಿರುಗಿ ತಿರುಗಿ ಮನೆಯ ಕಡೆ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತವಳು, ಯಲ್ಲಾಪುರದ ಪೇಟೆ ಕಾಣಿಸಿದಾಗ ನನ್ನ ಸೆರಗು ಹಿಡಿದಳು.

"ಎಂತದೂ ಆಗೂದಿಲ್ಲ ಅಲ್ದಾ ಅಕ್ಕೋರೆ?"

ಈಗ ಏನು ಹೇಳಲಿ? ಗೊತ್ತಿಲ್ಲ ಎಂದರೆ ಲೆಕ್ಕ ಹೋಯಿತು, ಅದರ ಹಿಂದೆ ಸೀಟು ಹೋಯಿತು. ಆಗುವುದಿಲ್ಲ ಎಂದು ಹೇಳಿ, ಇವತ್ತೇ ಆ ಮುದುಕಿಗೆ ಏನಾದರೂ ಆದರೆ? ಈ ಹುಡುಗಿ ಜನ್ಮದಲ್ಲಿ ಮತ್ತೆ ಬಳಪ ಹಿಡಿಯುವುದಿಲ್ಲ. ಅಷ್ಟೇ ಆಗಿದ್ದರೆ ಸರಿ, ಎರಡು ಸಾವನ್ನು ತಲೆಯ ಮೇಲೆ ಹೊತ್ತುಕೊಂಡು ಬೆಳೆಯುತ್ತಾಳೆ. ಜ್ವರಕ್ಕೂ ಸೊನ್ನೆಗೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೆದರಿಕೆ.

"ಏನೂ ಆಗೋದಿಲ್ಲ" ಎಂದೆ. "ಎಲ್ಲ ತೆಗೆ. ಒಂದನ್ನೂ ಉಳಿಸಬೇಡ."

ಆ ಪರೀಕ್ಷೆಯಲ್ಲಿ ಅವಳು ಪಾಸಾದಳು, ಸೀಟು ಸಿಕ್ಕಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಪರೀಕ್ಷೆ ಮುಗಿದ ಮೇಲೆ ನನಗೆ ಸೀಟಿನ ಚಿಂತೆ ಇರಲೇ ಇಲ್ಲ. ದಿವ್ಯಾ ಕೋಣೆಯಿಂದ ಹೊರಗೆ ಬಂದ ಮುಖ ನನಗೆ ಇಂದಿಗೂ ನೆನಪಿದೆ. ಉಳಿದ ಮಕ್ಕಳು ಕೂಗಾಡುತ್ತ ಬರುತ್ತಿದ್ದರು, ಇವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಬಂದಳು.

"ಎಲ್ಲ ತೆಗ್ದೆ ಅಕ್ಕೋರೆ. ಎಂತದೂ ಇಡ್ಲಿಲ್ಲ. ಮನೆಗೆ ಹೋಗ್ವ."

ಚಾ ಕುಡಿಸೋಣ, 'ಬನ್ಸ್' ತಿನ್ನಿಸೋಣ ಎಂದುಕೊಂಡಿದ್ದೆ. ಅದೆಲ್ಲ ಬಿಟ್ಟು ಬಸ್ ನಿಲ್ದಾಣಕ್ಕೆ ಓಡಿದೆವು. ಬಸ್ಸು ಬಂತು, ಹತ್ತಿದೆವು, ಪೇಟೆ ದಾಟಿದ್ದೇ ತಡ ನಿಂತಿತು. ಹೆದ್ದಾರಿಯಲ್ಲಿ ಮರದ ಲಾರಿಯೊಂದು ಅಡ್ಡ ನಿಂತಿತ್ತು. ಜನ ಇಳಿದು ಬೀಡಿ ಸೇದತೊಡಗಿದರು. ದಿವ್ಯಾ ಇಳಿಯಲಿಲ್ಲ. ಎದುರಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಡ್ರೈವರನಿಗೆ ಬೈದೆ, ಲಾರಿಯವನಿಗೆ ಬೈದೆ, ಮನಸ್ಸಿನಲ್ಲಿ ದೇವರಿಗೂ ಬೈದೆ. 'ಆ ಮುದುಕಿಯನ್ನು ಇವತ್ತೊಂದು ದಿನ ಇಟ್ಟಿರಪ್ಪಾ, ನಾಳೆ ಬೇಕಾದರೆ...' ಎಂದುಕೊಂಡು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ. ಎಂಥ ಮಾತು ಬಂತಲ್ಲ ಎಂದು ಕೆನ್ನೆ ಬಡಿದುಕೊಂಡೆ.

ವಜ್ರಳ್ಳಿಯಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಅಂಗಡಿಯ ಕಟ್ಟೆಯ ಮೇಲೆ ದುರ್ಗಿಯ ನೆರೆಮನೆಯ ಬೈರ ಕೂತಿದ್ದ. ನಾನು ಕಣ್ಣುಸನ್ನೆ ಮಾಡುವಷ್ಟರಲ್ಲಿ ಅವನು ಬಾಯಿ ಬಿಟ್ಟಾಗಿತ್ತು.

"ನಮ್ಮನೆ ಹೆಂಗ್ಸು ಮಧ್ಯಾಹ್ನ ಹೋಗಿ ಕರೀತು ಅಕ್ಕೋರೆ. ದುರ್ಗಮ್ಮ ಓ ಅನ್ಲಿಲ್ಲಂತೆ. ಬಾಗ್ಲು ಮುಚ್ಚಿತ್ತಂತೆ. ಮಲಗ್ಯದೆ ಏನೋ ಅಂತ ಬಂತು."

ದಿವ್ಯಾ ಓಡಿದಳು. ನಾನೂ ಸೀರೆ ಎತ್ತಿಕಟ್ಟಿ ಹಿಂದೆ ಓಡಿದೆ. ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡೆ. ಅವಳನ್ನು ಕೂಗಿದರೆ ಅವಳು ತಿರುಗಿ ನೋಡಲಿಲ್ಲ. ನಾನು ಮೊದಲು ಮನೆ ಮುಟ್ಟಬೇಕು, ಒಳಗೆ ಏನೇ ಇರಲಿ ನಾನು ಮೊದಲು ನೋಡಬೇಕು ಎಂದಷ್ಟೇ ತಲೆಯಲ್ಲಿತ್ತು. ಆದರೆ ಹತ್ತು ವರ್ಷದ ಹುಡುಗಿಯ ಕಾಲಿನ ಮುಂದೆ ನನ್ನ ಕಾಲು ಯಾವ ಲೆಕ್ಕ?

ಅಂಗಳದ ತುದಿಯಲ್ಲಿ ಅವಳು ಗಕ್ಕನೆ ನಿಂತಿದ್ದಳು. ನಾನು ಏದುಸಿರು ಬಿಡುತ್ತ ಬಂದು ಅವಳ ಪಕ್ಕ ನಿಂತೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಮನೆಯ ಮಗ್ಗುಲಿಗೆ, ಹಿತ್ತಿಲಿನ ಅಂಚಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಕಿ ಡಬ್ಬ ಬೋರಲಾಗಿತ್ತು.

ದಿವ್ಯಾಳ ಬಾಯಿಂದ ಒಂದು ಸಣ್ಣ ಸ್ವರ ಬಂತು. ಅವಳ ಕೈ ಹಿಡಿದುಕೊಂಡೆ. ಯಾರಾದರೂ ಸತ್ತ ಮನೆಯಲ್ಲಿ ಪಾತ್ರೆಗಳನ್ನು ಹೊರಗೆ ಹಾಕಿ ತೊಳೆಯುತ್ತಾರಲ್ಲ, ನನಗೆ ಅದೇ ಕಣ್ಣಿಗೆ ಕಟ್ಟಿತು. ಏನೂ ಆಗುವುದಿಲ್ಲ ಎಂದವಳು ನಾನು. ಎಲ್ಲ ತೆಗೆ ಎಂದವಳು ನಾನು.

"ಬಂದ್ರಾ? ಇಷ್ಟೊತ್ತಾ ಬರೂದು?"

ಸ್ವರ ಮನೆಯ ಹಿಂದಿನಿಂದ ಬಂತು. ದುರ್ಗಿ ಕಂಬಳಿ ಹೊದ್ದುಕೊಂಡೇ ಗೋಡೆ ಹಿಡಿದು ಹಿಡಿದು ಬಂದಳು. ಕಣ್ಣು ಕೆಂಪಗಿದ್ದವು, ತುಟಿ ಒಣಗಿತ್ತು. ಬಂದು ಒಗೆಯುವ ಕಲ್ಲಿನ ಪಕ್ಕ ಕುಸಿದು ಕೂತು ಡಬ್ಬದ ಬೆನ್ನಿನ ಮೇಲೆ ಕೈಯಿಟ್ಟಳು.

"ಬಾ ಇಲ್ಲಿ" ಎಂದಳು ಮೊಮ್ಮಗಳಿಗೆ. "ನೀವು ಆ ಕಡೆ ಹೋದ್ಮೇಲೆ ಬೋರಲು ಹಾಕ್ದೆ. ಎಲ್ಲ ತೆಗ್ದು ಮೊರಕ್ಕೆ ಸುರುವಿದೀನಿ. ಒಂದು ಕಾಳಿಲ್ಲ ಒಳಗೆ. ತಟ್ಟಿ ತೊಳ್ದು ಇಟ್ಟೀನಿ. ಬೆಳಗಿಂದ ಇದರ ಕಾವಲು ಕಾಯ್ತಾ ಹಿತ್ಲಲ್ಲೇ ಬಿದ್ಕಂಡೀನಿ, ಬೈರನ ಹೆಂಡ್ತಿ ಕರದ್ರೂ ಏಳ್ಲಿಲ್ಲ. ನೋಡು ಕಣ್ಣು ಬಿಟ್ಟು. ನಾ ಸತ್ನಾ?"

ದಿವ್ಯಾ ಅಲುಗಲಿಲ್ಲ.

"ಕೇಳ್ತಾ ಇದೀನಲ್ಲ, ಸತ್ನಾ ನಾನು? ಮೈಯಾಗೆ ಇಷ್ಟು ಜ್ವರ ಇಟ್ಕಂಡು, ಡಬ್ಬ ಬೋರಲು ಹಾಕಿ ಕುಂತೀನಿ. ಡಬ್ಬ ಬೋರಲಾದ್ರೆ ಜನ ಸಾಯೂದಾದ್ರೆ ಮೊದಲು ನಾ ಸಾಯ್ಬೇಕಿತ್ತು. ನಿನ್ನವ್ವ ಹೋದದ್ದು ಜ್ವರದಲ್ಲಿ. ನೀ ಮಾಡಿದ ಗಂಜಿ ಉಂಡು ಹೋತು ಅದು, ಹಸಿದು ಹೋಗ್ಲಿಲ್ಲ. ತಿಳೀತಾ?"

ಹೇಳುವಾಗ ಅವಳು ಡಬ್ಬದ ಮೇಲಿಟ್ಟ ಕೈಯನ್ನು ಎತ್ತಲೇ ಇಲ್ಲ. ಆ ಡಬ್ಬ ಬೋರಲಾದರೆ ಸಾವು ಬರುತ್ತದೆಂದು ಅವಳು ನಿಜವಾಗಿಯೂ ನಂಬಿದ್ದಳು. ನಂಬಿಯೇ ಬೋರಲು ಹಾಕಿದ್ದಳು. ನಾನು ಬಾಯಲ್ಲಿ ಕೊಟ್ಟ ಭರವಸೆಯನ್ನು ಅವಳು ಜೀವ ಒಡ್ಡಿ ಉಳಿಸಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ದಿವ್ಯಾ ನಿಧಾನಕ್ಕೆ ಬಂದು ಡಬ್ಬವನ್ನು ನೆಟ್ಟಗೆ ಮಾಡಿದಳು. ಭುಜದವರೆಗೆ ಕೈ ಹಾಕಿ ತಳವನ್ನೆಲ್ಲ ಸವರಿದಳು. ಬೆರಳನ್ನು ಹೊರಗೆ ತೆಗೆದು ನೋಡಿದಳು. ಆಮೇಲೆ ಅಜ್ಜಿಯ ಕಂಬಳಿಯೊಳಗೆ ಮುಖ ಹುದುಗಿಸಿ, ಎರಡು ಮಳೆಗಾಲದಿಂದ ಅಳದೆ ಉಳಿದದ್ದನ್ನೆಲ್ಲ ಅತ್ತಳು. ದುರ್ಗಿ ಕೆಮ್ಮುತ್ತ ಅವಳ ಬೆನ್ನು ತಟ್ಟುತ್ತಿದ್ದಳು.

ಸಂಜೆಯ ಗಂಜಿಗೆ ಹೊತ್ತಾಗುತ್ತಿತ್ತು. ದುರ್ಗಿಯನ್ನು ಒಳಗೆ ಮಲಗಿಸಿ ನಾನು ಒಲೆ ಹೊತ್ತಿಸಿದೆ. ದಿವ್ಯಾ ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ಡಬ್ಬಕ್ಕೆ ತುಂಬಿದಳು. ಆಮೇಲೆ ಅಳೆಯುವ ಸಿದ್ದೆಯಿಂದ ಗಂಜಿಗೆ ಬೇಕಾದಷ್ಟು ಅಕ್ಕಿ ತೆಗೆದಳು. ನಾನು ಊದುಕೊಳವೆ ಹಿಡಿದುಕೊಂಡು ಅವಳ ಕೈಯನ್ನೇ ನೋಡುತ್ತಿದ್ದೆ.

ಆ ಕೈ ಸಿದ್ದೆಯಿಂದ ನಾಲ್ಕು ಕಾಳನ್ನು ಎತ್ತಿ ಡಬ್ಬಕ್ಕೆ ವಾಪಸ್ ಹಾಕಿತು.

ನಾನು ಊದುಕೊಳವೆ ಕೆಳಗಿಟ್ಟೆ. ದಿವ್ಯಾ ಮುಚ್ಚಳ ಮುಚ್ಚಿ ನನ್ನ ಮುಖ ನೋಡಿದಳು. ಬಹಳ ದಿನಗಳ ಮೇಲೆ ಅವಳ ತುಟಿಯ ಮೇಲೆ ಒಂದಿಷ್ಟು ನಗೆ ಬಂದಿತ್ತು.

"ಹೆದರ್ಬೇಡಿ ಅಕ್ಕೋರೆ" ಎಂದಳು. "ಇದು ಅಕ್ಕಿ. ಲೆಕ್ಕ ಬೇರೆ."